ಸವಾಯಿ ಗಂಧರ್ವರು

ಪುಣೆಯಲ್ಲಿ ಬೆಳೆದ ನಮ್ಮಲ್ಲಿ ಡಿಸೆಂಬರ್ ತಿಂಗಳ ಸವಾಯಿ ಗಂಧರ್ವ ಉತ್ಸವದ ಹೆಸರನ್ನು ಕೇಳದವರು ವಿರಳ. ಆದರೆ ಆ ಹೆಸರನ್ನು ಹೊತ್ತವರು ಹುಬ್ಬಳ್ಳಿಯ ಕಡೆಯ ಕನ್ನಡಿಗರೆಂಬುದನ್ನು ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಎಷ್ಟು ಮಂದಿ ಬಲ್ಲರು? ಅದು ಅವರ ಮನೆತನದ ಹೆಸರಲ್ಲ. ಅವರು ರಾಮಚಂದ್ರ ಗಣೇಶ ಸಂಶಿ. ಜನರ ಬಾಯಲ್ಲಿ ರಾಮಭಾವು ಕುಂದಗೋಳಕರ.

1886ನೆಯ ಜನವರಿ 19ರಂದು ಹುಬ್ಬಳ್ಳಿಯ ಸಮೀಪದ ಅಮರಗೋಳದಲ್ಲಿ ಅವರ ಜನನವಾಯಿತು. ತಂದೆ ಗಣೇಶರಾಯರು ಕುಂದಗೋಳದ ನಾಡಿಗೇರ ಮನೆತನದಲ್ಲಿ ಕಾರಕೂನರಾಗಿದ್ದರು. ಉಸ್ತಾದ್ ಅಬ್ದುಲ್ ಕರೀಂಖಾನರು ಆ ಕಾಲದಲ್ಲಿ ಮೈಸೂರು ಅರಮನೆಗೆ ಹೋಗಿಬರುತ್ತ ನಮ್ಮ ಧಾರವಾಡ ಸೀಮೆಯಲ್ಲಿ ತಂಗುತ್ತಿದ್ದರು. ಬಾಲಕ ರಾಮಭಾವು ಅವರ ಶಿಷ್ಯನಾದನು.

ಶಿಷ್ಯವೃತ್ತಿ ಸುಖದ್ದಾಗಿರಲಿಲ್ಲ. ಪ್ರಾಯಕ್ಕೆ ಬಂದಾಗ ಹುಡುಗನ ಕಂಠ ಒಡೆದು ಒರಟಾಯಿತು. ಗುರುಗಳ ಕಂಠವೋ ಎಳೆದಷ್ಟೂ ಸಾಗುವ ರೇಷ್ಮೆಯ ನೂಲಿನಂತಹುದು. ಶಿಷ್ಯನು ವರ್ಷಗಟ್ಟಲೆ ಒಂದೊಂದೇ ಸ್ವರವನ್ನು ತಿದ್ದುತ್ತ ಕುಳಿತನು. ದೇವರು ಕೊಡದಿದ್ದುದನ್ನು ದುಡಿದು ಪಡೆದನೆಂದು ನಾವು ಹೇಳಿದರೆ ತಪ್ಪಾಗಲಾರದು.

ಹೀಗೆ ಪಡೆದ ವಿದ್ಯೆಯೊಡನೆ ಅವರು ನಾಟಕ ಮಂಡಳಿಯನ್ನು ಸೇರಿದರು. ಇದು ಗುರುಗಳ ಮನಸ್ಸಿಗೆ ವಿರುದ್ಧವಾದ ನಡೆಯಾಗಿತ್ತು. ಮರಾಠಿ ಸಂಗೀತ ನಾಟಕಗಳಿಗೆ ಅದು ವೈಭವದ ಕಾಲ. ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದರು. ನಮ್ಮೂರಿನ ರಂಗಮಂದಿರಕ್ಕೆ ಯಾರ ಹೆಸರಿದೆಯೋ ಆ ಬಾಲಗಂಧರ್ವರು ಆಗ ಜನರ ಕಣ್ಮಣಿ. ನಾಟ್ಯಕಲಾ ಪ್ರವರ್ತಕ ಸಂಗೀತ ಮಂಡಳಿಯಲ್ಲಿ ಕನ್ನಡದ ಈ ತರುಣ ಸುಭದ್ರೆಯಾಗಿ ಹಾಡಿದಾಗ ಪ್ರೇಕ್ಷಕರು ಬೆರಗಾದರು. ಅಮರಾವತಿಯಲ್ಲಿ ದಾದಾಸಾಹೇಬ ಖಾಪರ್ಡೆಯವರು ಅವರಿಗೆ ಸವಾಯಿ ಗಂಧರ್ವರೆಂಬ ಬಿರುದನ್ನಿತ್ತರೆಂದು ಹೇಳುವರು. ಸವಾಯಿ ಎಂದರೆ ಒಂದೂಕಾಲು. ಗಂಧರ್ವನಿಗಿಂತ ಕಾಲುಪಾಲು ಹೆಚ್ಚು! ಗುರುಗಳು ಒಪ್ಪದ ರಂಗಭೂಮಿಯೇ ಅವರಿಗೆ ಈ ಹೆಸರನ್ನು ಕೊಟ್ಟಿತು.

ಗಾಯನದ ಶೈಲಿಗಾದರೋ ಬೇರೊಂದು ಹೆಸರು. ಖಾನಸಾಹೇಬರ ಹುಟ್ಟೂರು ಉತ್ತರಪ್ರದೇಶದ ಕೈರಾನಾ. ಅದರಿಂದಲೇ ಕಿರಾಣಾ ಘರಾಣೆ. ಗ್ವಾಲಿಯರ್, ಆಗ್ರಾ, ಜಯಪುರ ಘರಾಣೆಗಳೂ ಹೀಗೆಯೇ ಊರಿನ ಹೆಸರಿನವು. ಅದೇ ಕಾಲದಲ್ಲಿ ದೂರದ ಅಮೆರಿಕೆಯಲ್ಲಿ ಬೆಳೆಯುತ್ತಿದ್ದ ಜಾಝ್ ಸಂಗೀತದಲ್ಲಿಯೂ ಇಂತಹುದೇ ರೂಢಿಯಿತ್ತೆಂಬುದು ಸೋಜಿಗ. 1917ರಲ್ಲಿ ಮೊದಲ ಜಾಝ್ ಧ್ವನಿಮುದ್ರಿಕೆಯನ್ನು ಮಾಡಿದ ವಾದ್ಯಮೇಳವು ಡಿಕ್ಸಿಲ್ಯಾಂಡ್ ಎಂದು ತನ್ನ ದಕ್ಷಿಣ ಸೀಮೆಯ ಹೆಸರನ್ನೇ ಇಟ್ಟುಕೊಂಡಿತ್ತು. ಲೂಯಿ ಆರ್ಮ್‌ಸ್ಟ್ರಾಂಗ್ ಎಂಬ ತರುಣನು 1922ರಲ್ಲಿ ತನ್ನ ಹಿರಿಯನಾದ ಕಿಂಗ್ ಆಲಿವರನ ಮೇಳವನ್ನು ಸೇರಿ, ಎರಡು ವರ್ಷಗಳಲ್ಲಿ ಅದನ್ನು ಬಿಟ್ಟು ಹೊರಟು, ಎಲ್ಲರೂ ಕೂಡಿ ನುಡಿಸುತ್ತಿದ್ದ ಆ ಸಂಗೀತದಲ್ಲಿ ಒಬ್ಬನ ವಾದನಕ್ಕೆ ಹಿರಿಮೆ ತಂದನು. ಬಿಟ್ಟು ಹೋದವನೂ ಹಿರಿಯನಿಂದ ಕಲಿತುದನ್ನು ಮರೆಯಲಿಲ್ಲ.

ರಾಮಭಾವು ಅವರೂ ಮರೆಯಲಿಲ್ಲ. ರಂಗಭೂಮಿಯಿಂದ ಹಿಂದಿರುಗಿ ಅವರು ಹಾಡಿದುದು ಗುರುವಿನ ಖಯಾಲನ್ನೇ: ವಿಲಂಬಿತ ಲಯದಲ್ಲಿ ಸ್ವರದಿಂದ ಸ್ವರಕ್ಕೆ ಅವಸರವಿಲ್ಲದೆ ಏರುವ ಗಾಯನ. ಕುಂದಗೋಳದಲ್ಲಿ ಕಲಿಸುವಾಗಲೂ ಅದೇ ನಿಧಾನ. 1936ರ ಸುಮಾರಿಗೆ ಬಂದ ಗದಗಿನ ಹುಡುಗ ಭೀಮಸೇನ ಜೋಶಿ ನೀರು ಹೊತ್ತು, ಮನೆಗೆಲಸ ಮಾಡಿ, ಬೆಳಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ ಸಾಧನೆ ಮಾಡಿದನು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಮುಂಬಯಿಯ ಪಾರ್ಸಿ ಗಾಯಕ ಫಿರೋಜ್ ದಸ್ತೂರರೂ ಇವರ ಶಿಷ್ಯರೇ.

1940ರ ನಂತರ ಅವರಿಗೆ ಪಾರ್ಶ್ವವಾಯು ತಗಲಿತು. ಅಷ್ಟು ಶ್ರಮದಿಂದ ಪಳಗಿಸಿದ ಕಂಠ ಸಭೆಗಳಿಂದ ದೂರವಾಯಿತು. 1946ರಲ್ಲಿ ಪುಣೆಯಲ್ಲಿ ಅವರ ಷಷ್ಟ್ಯಬ್ದಿ ನಡೆದಾಗ ಭೀಮಸೇನರು ಗುರುಗಳ ಮುಂದೆ ಹಾಡಿದರು. ಆ ಗಾಯನದಿಂದ ಪುಣೆಯ ರಸಿಕರು ಶಿಷ್ಯನನ್ನು ಗುರುತಿಸಿದರು. 1952ನೆಯ ಸಪ್ಟೆಂಬರ್ 12ರಂದು ಸವಾಯಿ ಗಂಧರ್ವರು ಈ ಊರಿನಲ್ಲಿಯೇ ದೇಹವಿಟ್ಟರು.

ಮರುವರ್ಷ, 1953ರಲ್ಲಿ, ಅಳಿಯಂದಿರಾದ ಡಾಕ್ಟರ್ ನಾನಾಸಾಹೇಬ ದೇಶಪಾಂಡೆಯವರೂ ಭೀಮಸೇನರೂ ಮೊದಲಾದವರು ಕೂಡಿ ಪುಣೆಯಲ್ಲಿ ಅವರ ಪುಣ್ಯತಿಥಿಯ ಸಂಗೀತೋತ್ಸವವನ್ನು ಆರಂಭಿಸಿದರು. ನಾಟಕದವರು ಕೊಟ್ಟ ಹೆಸರಿನ ಆ ಮಂಟಪದಲ್ಲಿ ಅಂದಿನಿಂದಲೂ ನಡೆದುಬಂದಿರುವುದು ಶಾಸ್ತ್ರೀಯ ಸಂಗೀತವೇ. ಅತ್ತ ಕುಂದಗೋಳದಲ್ಲಿಯೂ, ನಾಡಿಗೇರರ ವಾಡೆಯಲ್ಲಿ, ಪ್ರತಿವರ್ಷ ಅವರ ಹೆಸರಿನಲ್ಲಿ ಗಾಯಕರು ಕೂಡುತ್ತಾರೆ.