ಪಚ್ಚೆ ಕಂಡರೆ ಹಾವು ಕುರುಡಾಗುತ್ತಾ? ಸಾವಿರ ವರ್ಷದ ಹಿಂದೆಯೇ ಪರೀಕ್ಷಿಸಿ ನೋಡಿದ್ದ ಅಲ್ ಬಿರೂನಿ

ಹವಳ ಧರಿಸಿದರೆ ರಕ್ತ ಶುದ್ಧಿ, ಮುತ್ತು ಹಾಕಿಕೊಂಡರೆ ಬಿಪಿ ಹತೋಟಿಗೆ, ಪಚ್ಚೆ ಇದ್ದರೆ ಮಕ್ಕಳ ಬುದ್ಧಿ ಚುರುಕು. ಇಂಥ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಹರಳುಗಳ ಬಗ್ಗೆ ಇಂಥ ಮಾತುಗಳು ಸಾವಿರ ವರ್ಷದ ಹಿಂದೆಯೂ ಇದ್ದವು. ಅವನ್ನು ಕೇಳಿ ಸುಮ್ಮನಾಗದೆ ಪರೀಕ್ಷೆಗೆ ಹಚ್ಚಿದವರು ಅಲ್ ಬಿರೂನಿ.

ಯಾರು ಈ ಅಲ್ ಬಿರೂನಿ?

973ರಲ್ಲಿ ಖ್ವಾರಿಜ್ಮ್ ಪ್ರಾಂತ್ಯದಲ್ಲಿ, ಅಂದರೆ ಇಂದಿನ ಉಜ್ಬೇಕಿಸ್ತಾನದಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ಗಣಿತ, ಖಗೋಳಶಾಸ್ತ್ರ ಕಲಿತರು. 1017ರಲ್ಲಿ ಘಜ್ನಿಯ ಮಹಮೂದ್ ಖ್ವಾರಿಜ್ಮ್ ವಶಪಡಿಸಿಕೊಂಡಾಗ ಅಲ್ಲಿನ ವಿದ್ವಾಂಸರ ಜೊತೆ ಇವರನ್ನೂ ಘಜ್ನಿಗೆ ಕರೆದೊಯ್ದ. ಮುಂದೆ ಭಾರತದ ವಾಯವ್ಯ ಭಾಗಕ್ಕೆ ಬಂದು, ಸಂಸ್ಕೃತ ಕಲಿತು, ಇಲ್ಲಿನ ಶಾಸ್ತ್ರ ಮತ್ತು ಆಚಾರಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು.

ವಯಸ್ಸಾದ ಮೇಲೆ, ಮಹಮೂದನ ಮೊಮ್ಮಗ ಮೌದೂದ್ ಆಳುತ್ತಿದ್ದಾಗ, ಹರಳು ಮತ್ತು ಲೋಹಗಳ ಬಗ್ಗೆ ಒಂದು ಪುಸ್ತಕ ರಚಿಸಿದರು. ಮಾಣಿಕ್ಯ, ಪಚ್ಚೆ, ಮುತ್ತಿನ ಜೊತೆಗೆ ಸ್ಫಟಿಕ, ಫಿರೋಜಾ, ಲ್ಯಾಪಿಸ್ ಲಜುಲಿಯಂಥ ಕಡಿಮೆ ಬೆಲೆಯ ಕಲ್ಲುಗಳಿಗೂ ಅದರಲ್ಲಿ ಜಾಗವಿದೆ.

ಹಾವಿನ ಪರೀಕ್ಷೆ

ಪಚ್ಚೆಯನ್ನು ನೋಡಿದರೆ ಹಾವಿನ ಕಣ್ಣು ಕಿತ್ತು ಬರುತ್ತದೆ ಎಂಬ ನಂಬಿಕೆ ಆಗ ಎಲ್ಲೆಡೆ ಇತ್ತು. ದೊಡ್ಡ ದೊಡ್ಡ ಗ್ರಂಥಗಳಲ್ಲೂ ಅದೇ ಬರೆದಿತ್ತು. ಬಿರೂನಿ ಒಂದು ಹಾವನ್ನೇ ತರಿಸಿದರು. ಅದರ ಕುತ್ತಿಗೆಗೆ ಪಚ್ಚೆಯ ಸರ ಹಾಕಿದರು, ಅದರ ಕೆಳಗೆ ಪಚ್ಚೆ ಹರಡಿದರು, ಕಣ್ಣೆದುರೇ ಪಚ್ಚೆಯ ಮಾಲೆ ಆಡಿಸಿದರು. ಚಳಿಯಲ್ಲೂ ಬಿಸಿಲಲ್ಲೂ ಸೇರಿ ಒಂಬತ್ತು ತಿಂಗಳು ಹೀಗೆ ನಡೆಯಿತು. ಹಾವಿನ ಕಣ್ಣಿಗೆ ಏನೂ ಆಗಲಿಲ್ಲ. ಅದರ ದೃಷ್ಟಿ ಇನ್ನಷ್ಟು ಚುರುಕಾಯಿತೋ ಏನೋ ಎಂದು ಅವರು ತಮಾಷೆ ಮಾಡಿದ್ದೂ ಉಂಟು.

ಬಣ್ಣ ನೋಡಿ ಮೋಸ ಹೋಗಬೇಡಿ

ಹರಳನ್ನು ಬಣ್ಣದಿಂದ ಮಾತ್ರ ಗುರುತಿಸಲಾಗದು ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕಾಗಿ ಪಕ್ಕಕ್ಕೆ ಬಾಗಿದ ಕೊಳವೆಯಿರುವ ಒಂದು ಪಾತ್ರೆ ಮಾಡಿಸಿದರು. ತುಂಬಿದ ಪಾತ್ರೆಗೆ ಹರಳು ಹಾಕಿದರೆ ಅದರ ಗಾತ್ರದಷ್ಟೇ ನೀರು ಕೊಳವೆಯಿಂದ ಹೊರಬರುತ್ತದೆ. ಆ ನೀರಿನ ತೂಕ ಮತ್ತು ಹರಳಿನ ತೂಕ ಹೋಲಿಸಿದರೆ ಸಾಂದ್ರತೆ ಸಿಗುತ್ತದೆ. ಅವರ ಅಳತೆಗಳು ಇಂದಿನ ಲೆಕ್ಕಕ್ಕೆ ತುಂಬಾ ಹತ್ತಿರವಿವೆ.

ಇದರ ಬೆಲೆ ಏನೆಂದು ನೋಡಿ. ಮಾಣಿಕ್ಯ ನೀರಿಗಿಂತ ಸುಮಾರು 4 ಪಟ್ಟು ಭಾರ. ಅದೇ ಕೆಂಪು ಬಣ್ಣದ ಸ್ಪಿನೆಲ್ ಸುಮಾರು 3.6 ಪಟ್ಟು. ಬಿರೂನಿ ಇವೆರಡನ್ನೂ ಬೇರೆ ಬೇರೆ ಎಂದೇ ಲೆಕ್ಕ ಹಾಕಿದ್ದರು. ಯುರೋಪಿನಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿದ್ದು 1783ರಲ್ಲಿ. ಬ್ರಿಟಿಷ್ ರಾಜಕಿರೀಟದಲ್ಲಿ ಮಾಣಿಕ್ಯ ಎಂದೇ ಹೆಸರಾದ ಬ್ಲ್ಯಾಕ್ ಪ್ರಿನ್ಸ್ ರೂಬಿ ಕೂಡ ನಿಜವಾಗಿ ಸ್ಪಿನೆಲ್!

ಹಾಗಾದರೆ ಬಣ್ಣ ಎಲ್ಲಿಂದ ಬರುತ್ತದೆ? ಕಲ್ಲಿನೊಳಗೆ ಸೇರಿರುವ ಅತ್ಯಲ್ಪ ಲೋಹದಿಂದ. ಮಾಣಿಕ್ಯದ ಮತ್ತು ಸ್ಪಿನೆಲ್‌ನ ಕೆಂಪಿಗೆ ಕ್ರೋಮಿಯಂ ಕಾರಣ. ಪಚ್ಚೆಯ ಹಸಿರಿಗೂ ಹೆಚ್ಚಾಗಿ ಅದೇ ಕ್ರೋಮಿಯಂ! ಬಣ್ಣವಿಲ್ಲದ ಸ್ಫಟಿಕಕ್ಕೆ ಸ್ವಲ್ಪ ಕಬ್ಬಿಣ ಸೇರಿ, ನೆಲದೊಳಗಿನ ಸಹಜ ವಿಕಿರಣ ತಾಗಿದರೆ ಅದೇ ನೇರಳೆ ಬಣ್ಣದ ಅಮೆಥಿಸ್ಟ್.

ನಮಗೇನು ಪಾಠ?

ಬಿರೂನಿ ಸುಮಾರು 1050ರ ಹೊತ್ತಿಗೆ ಘಜ್ನಿಯಲ್ಲಿ ತೀರಿಕೊಂಡರು. ಅವರ ದಾರಿ ಇಂದಿಗೂ ಬದಲಾಗಿಲ್ಲ. ರತ್ನ ಪರೀಕ್ಷಾ ಲ್ಯಾಬ್‌ಗಳು ಈಗಲೂ ಸಾಂದ್ರತೆ ಮತ್ತು ಬೆಳಕಿನ ವಕ್ರೀಭವನ ಅಳೆದೇ ಹರಳು ಗುರುತಿಸುತ್ತವೆ. ದುಬಾರಿ ಹರಳು ಕೊಳ್ಳುವಾಗ ಲ್ಯಾಬ್ ಸರ್ಟಿಫಿಕೇಟ್ ಕೇಳಿ. ಉಂಗುರದ ಹರಳಿನಿಂದ ಬಿಪಿ, ಶುಗರ್ ಇಳಿಯುತ್ತದೆ ಎನ್ನುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಅಂದಕ್ಕೆ ಧರಿಸಿ, ಅಡ್ಡಿಯಿಲ್ಲ. ಆದರೆ ಅದನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಮನೆಯಲ್ಲಿ ಯಾರಾದರೂ ಹಾಗೆ ನಿಲ್ಲಿಸಿದ್ದರೆ, ಅವರಿಗೆ ಈ ಲೇಖನ ಕಳಿಸಿ.