ವಿಲ್ಸನ್ ಪೊಪೆನೋ

ಫ್ರೆಡರಿಕ್ ವಿಲ್ಸನ್ ಪೊಪೆನೋ (ಮಾರ್ಚ್ ೯, ೧೮೯೨ – ೧೯೭೫) ಅಮೆರಿಕದ ಸಸ್ಯಾನ್ವೇಷಕರು ಹಾಗೂ ತೋಟಗಾರಿಕಾ ತಜ್ಞರು. ಉಷ್ಣವಲಯದ ಹಣ್ಣಿನ ಗಿಡಗಳನ್ನು, ವಿಶೇಷವಾಗಿ ಬೆಣ್ಣೆಹಣ್ಣನ್ನು (ಆವಕಾಡೊ), ಚಳಿ ಬೀಳುವ ಸೀಮೆಗಳಲ್ಲಿ ನೆಲೆಗೊಳಿಸುವ ಪ್ರಯತ್ನದಲ್ಲಿ ಅವರ ಹೆಸರು ಪ್ರಮುಖವಾದುದು.

ಆರಂಭಿಕ ಜೀವನ

ಕ್ಯಾನ್ಸಸ್ ರಾಜ್ಯದ ಟೊಪೀಕದಲ್ಲಿ ಜನಿಸಿದ ಪೊಪೆನೋ ಕ್ಯಾಲಿಫೋರ್ನಿಯಾದಲ್ಲಿ ಬೆಳೆದರು. ಅವರ ತಂದೆ ಅಲ್ಟಡೀನದಲ್ಲಿ ಸಸ್ಯಕ್ಷೇತ್ರವೊಂದನ್ನು ನಡೆಸುತ್ತಿದ್ದರು. ೧೯೧೨ರ ಸುಮಾರಿಗೆ ವಿಲ್ಸನ್ ತಮ್ಮ ಅಣ್ಣ ಪಾಲ್ ಜೊತೆಗೂಡಿ, ಖರ್ಜೂರದ ಕಂದುಗಳನ್ನು ತರಲು ಬಾಸ್ರಾ ಮೊದಲಾದ ಪ್ರದೇಶಗಳಿಗೆ ತೆರಳಿದರು.

ಚಳಿಯ ಪರೀಕ್ಷೆ

೧೯೧೧ರಲ್ಲಿ ಕಾರ್ಲ್ ಸ್ಮಿತ್ ಎಂಬವರು ಮೆಕ್ಸಿಕೊದ ಅಟ್ಲಿಸ್ಕೊದಿಂದ ಈ ಸಸ್ಯಕ್ಷೇತ್ರಕ್ಕೆ ಬೆಣ್ಣೆಹಣ್ಣಿನ ಕಸಿಕಡ್ಡಿಗಳನ್ನು ಕಳುಹಿಸಿದ್ದರು. ೧೯೧೩ರ ಜನವರಿಯ ಕಡುಚಳಿಗೆ ಕ್ಯಾಲಿಫೋರ್ನಿಯಾದ ತೋಟಗಳು ತತ್ತರಿಸಿದಾಗ ಅವುಗಳಲ್ಲಿ ಹದಿನೈದನೆಯ ಸಂಖ್ಯೆಯ ತಳಿ ಬದುಕುಳಿಯಿತು. ಸ್ಪ್ಯಾನಿಷ್ ಭಾಷೆಯಲ್ಲಿ ಬಲಿಷ್ಠ ಎಂಬರ್ಥದ 'ಫುಯೆರ್ತೆ' ಎಂಬ ಹೆಸರು ಪಡೆದ ಈ ತಳಿ, ಮುಂದೆ ಅಲ್ಲಿನ ಬೆಣ್ಣೆಹಣ್ಣಿನ ಕೃಷಿಗೆ ಆಧಾರವಾಯಿತು.

ಬೆಣ್ಣೆಹಣ್ಣಿನ ವೆಸ್ಟ್ ಇಂಡಿಯನ್ ಬಗೆ ಚಳಿಗೆ ಬೇಗನೆ ಬಲಿಯಾಗುತ್ತದೆ. ಎಲೆಯಲ್ಲಿ ಸೋಂಪಿನ ಪರಿಮಳವಿರುವ ಮೆಕ್ಸಿಕೊ ಬಗೆ ಹೆಚ್ಚಿನ ಚಳಿಯನ್ನು ತಾಳುತ್ತದೆ. ಗ್ವಾಟೆಮಾಲದ ಎತ್ತರದ ನಾಡಿನ ಬಗೆ ಇವೆರಡರ ನಡುವಿನದು. ಮೆಕ್ಸಿಕೊ ಹಾಗೂ ಗ್ವಾಟೆಮಾಲ ಬಗೆಗಳ ಸಹಜ ಮಿಶ್ರತಳಿಯೆಂದು ಪರಿಗಣಿಸಲಾದ ಫುಯೆರ್ತೆಯಲ್ಲಿ ಸಹಿಷ್ಣುತೆಯೂ ಉತ್ತಮ ಗುಣಮಟ್ಟದ ಹಣ್ಣೂ ಒಂದುಗೂಡಿದ್ದವು.

ಅನ್ವೇಷಣೆ ಮತ್ತು ಬರವಣಿಗೆ

೧೯೧೩ರಲ್ಲಿ ಪೊಪೆನೋ ಅಮೆರಿಕದ ಕೃಷಿ ಇಲಾಖೆಯನ್ನು ಸೇರಿದರು. ೧೯೧೬–೧೭ರಲ್ಲಿ ಗ್ವಾಟೆಮಾಲದ ಬೆಟ್ಟಸೀಮೆಯಲ್ಲಿ ಸಂಚರಿಸಿ, ಉತ್ತಮ ಮರಗಳನ್ನು ಗುರುತಿಸಿ ಕಸಿಕಡ್ಡಿಗಳನ್ನು ಸ್ವದೇಶಕ್ಕೆ ರವಾನಿಸಿದರು. ೧೯೨೦ರಲ್ಲಿ ಪ್ರಕಟವಾದ ಅವರ 'ಮ್ಯಾನ್ಯುಯಲ್ ಆಫ್ ಟ್ರಾಪಿಕಲ್ ಆ್ಯಂಡ್ ಸಬ್‌ಟ್ರಾಪಿಕಲ್ ಫ್ರೂಟ್ಸ್' ಗ್ರಂಥವು ಈ ಕ್ಷೇತ್ರದ ಪ್ರಮುಖ ಆಕರಗ್ರಂಥವಾಯಿತು. ಮಾವು, ಸೀತಾಫಲದ ಜಾತಿಯ ಹಣ್ಣುಗಳು, ಖರ್ಜೂರ ಮೊದಲಾದವುಗಳ ಕೃಷಿಯನ್ನು ಅದು ವಿವರಿಸುತ್ತದೆ.

ಹೊಂಡುರಾಸ್‌ನಲ್ಲಿ

೧೯೨೫ರಲ್ಲಿ ಯುನೈಟೆಡ್ ಫ್ರೂಟ್ ಕಂಪನಿಯನ್ನು ಸೇರಿ, ಹೊಂಡುರಾಸ್‌ನ ತೇಲಾ ಪಟ್ಟಣದ ಬಳಿ ಲಾನ್ಸೆಟಿಯಾ ಪ್ರಯೋಗಕೇಂದ್ರವನ್ನು ರೂಪಿಸಿದರು. ಅವರ ಪತ್ನಿ, ಪುರಾತತ್ವ ಸಂಶೋಧಕಿ ಡೊರೊತಿ, ೧೯೩೨ರಲ್ಲಿ ಪಕ್ವವಾಗದ ಅಕೀ ಹಣ್ಣಿನ ವಿಷದಿಂದ ಮೃತರಾದರು. ಹೊರನಾಡಿನ ಹಣ್ಣುಗಳಿಗೇ ಬಾಳನ್ನು ಮುಡಿಪಾಗಿಟ್ಟ ಮನೆಗೆ ಅಂಥದೇ ಒಂದು ಹಣ್ಣಿನಿಂದ ಒದಗಿದ ದುರಂತವಿದು. ೧೯೪೧ರಲ್ಲಿ ಸಮೊರಾನೊ ಕಣಿವೆಯಲ್ಲಿ ಸ್ಥಾಪನೆಯಾದ ಪ್ಯಾನ್ ಅಮೆರಿಕನ್ ಕೃಷಿ ಶಾಲೆಗೆ ಪೊಪೆನೋ ಮೊದಲ ನಿರ್ದೇಶಕರಾದರು. ಲ್ಯಾಟಿನ್ ಅಮೆರಿಕದ ಯುವಕರು ಅಲ್ಲಿ ಹೊಲದಲ್ಲಿ ಸ್ವತಃ ದುಡಿಯುತ್ತ ಉಚಿತವಾಗಿ ವ್ಯವಸಾಯವನ್ನು ಕಲಿಯುತ್ತಿದ್ದರು. ೧೯೫೭ರವರೆಗೆ ಅವರು ಆ ಹೊಣೆಯನ್ನು ನಿರ್ವಹಿಸಿದರು.

ಕೊನೆಯ ದಿನಗಳು

ನಿವೃತ್ತಿಯ ಬಳಿಕ ಅವರು ಗ್ವಾಟೆಮಾಲದ ಆಂಟಿಗುವಾ ನಗರದಲ್ಲಿ ವಾಸಿಸಿದರು. ಡೊರೊತಿಯವರ ಆಸ್ಥೆಯಿಂದ ಜೀರ್ಣೋದ್ಧಾರಗೊಂಡ ಅಲ್ಲಿನ ಪುರಾತನ ನಿವಾಸವು ಇಂದಿಗೂ 'ಕಾಸಾ ಪೊಪೆನೋ' ಎಂದೇ ಪ್ರಸಿದ್ಧವಾಗಿದೆ.