ಕುರ್ಚಿಗೆ ಅಂಟಿಕೊಳ್ಳದ ಮುಂದಾಳು ತ್ರಿಭುವನದಾಸ್ ಪಟೇಲ್

ಹಾಲಿನ ಸಂಘ ಅಂದ ಕೂಡಲೇ ನಮಗೆಲ್ಲ ಅಮುಲ್, ಡಾ. ಕುರಿಯನ್ ನೆನಪಾಗುತ್ತಾರೆ. ಆ ಕುರಿಯನ್ನರನ್ನು ಉಳಿಸಿಕೊಂಡವರು ಶ್ರೀ ತ್ರಿಭುವನದಾಸ್ ಪಟೇಲರು.

1903ರಲ್ಲಿ ಗುಜರಾತಿನ ಆಣಂದದಲ್ಲಿ ಜನಿಸಿದ ಇವರು ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವರು. ಹಾಲಿನ ಲಾಭವೆಲ್ಲ ಮಧ್ಯವರ್ತಿಗಳ ಪಾಲಾಗುತ್ತಿದ್ದಾಗ, ಸರ್ದಾರ್ ಪಟೇಲರ ಸಲಹೆಯಂತೆ ಹಳ್ಳಿಹಳ್ಳಿ ತಿರುಗಿ ರೈತರನ್ನು ಒಂದುಗೂಡಿಸಿದರು. 1946ರಲ್ಲಿ ಖೇಡಾ ಜಿಲ್ಲಾ ಹಾಲು ಒಕ್ಕೂಟ ನೋಂದಣಿಯಾಯಿತು. ಇವರೇ ಅದರ ಮೊದಲ ಅಧ್ಯಕ್ಷರು.

ಅಧ್ಯಕ್ಷ ಅಂದಮೇಲೆ ಎಲ್ಲಾ ನಾನೇ ಮಾಡ್ತೀನಿ ಅಂತ ಅವರು ಹೊರಡಲಿಲ್ಲ. ಸರಕಾರಿ ಕೆಲಸ ಬಿಟ್ಟು ಆಣಂದದಿಂದ ಹೊರಟಿದ್ದ ಯುವ ಎಂಜಿನಿಯರ್ ಕುರಿಯನ್ನರ ಮನವೊಲಿಸಿ, 1950ರಲ್ಲಿ ಡೇರಿಯನ್ನು ಅವರ ಕೈಗೊಪ್ಪಿಸಿದರು. ರೈತರ ನಂಬಿಕೆ ಕಾಯುವ ಹೊಣೆ ತಾವು ಹೊತ್ತರು. ಡೇರಿಯ ದಿನನಿತ್ಯದ ಕೆಲಸದಲ್ಲಿ ಕೈ ಹಾಕಲಿಲ್ಲ. 1963ರ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರಲ್ಲಿ ಇಬ್ಬರೂ ಇದ್ದರು.

1970ರ ದಶಕದ ಆರಂಭದಲ್ಲಿ ತಾವಾಗಿಯೇ ಅಧ್ಯಕ್ಷಗಿರಿ ಬಿಟ್ಟರು. ಸದಸ್ಯರು ತಲೆಗೊಂದು ರೂಪಾಯಿ ಕೂಡಿಸಿ 6 ಲಕ್ಷದ ನಿಧಿ ಅರ್ಪಿಸಿದರು. ಅದನ್ನೂ ಮನೆಗೊಯ್ಯದೆ, ಹಳ್ಳಿಯ ತಾಯಿ-ಮಕ್ಕಳ ಆರೋಗ್ಯಕ್ಕಾಗಿ ಪ್ರತಿಷ್ಠಾನ ಕಟ್ಟಿದರು. 1994ರಲ್ಲಿ ದೈವಾಧೀನರಾದರು.

ಸದಸ್ಯ ಬಾಂಧವರೇ, ಸಮರ್ಥರನ್ನು ಹುಡುಕುವುದು, ನಂಬುವುದು, ಹೊತ್ತಿಗೆ ಸರಿಯಾಗಿ ಜಾಗ ಬಿಡುವುದು: ಮುಂದಾಳಿಗೆ ಬೇಕಾದ್ದು ಇಷ್ಟೇ. ಮಾಡೋದು ಮಾತ್ರ ಕಷ್ಟ.